ಒಂದಕ್ಕೆ ಇಪ್ಪತ್ನಾಲ್ಕು

ಮಧ್ಯಾಹ್ನ ಎರಡಕ್ಕೇ ಹೊತ್ತು ಮುಳುಗುತ್ತದೆ ಇಲ್ಲಿ, ದೊರೋತೆಯಾದಲ್ಲಿ.
ಅಡುಗೆಮನೆ ಮೇಜಿಗೆ ಹಳೇ ಪತ್ರಿಕೆ ಹಾಸಿ
ದೀಪ ಬಗ್ಗಿಸಿ, ಕನ್ನಡಕದ ಮೇಲೊಂದು ಕನ್ನಡಕ ಏರಿಸಿ
ಚಿಮಟದಲ್ಲಿ ಹಿಡಿಯುತ್ತೇನೆ
ಲಾರಿಯ ಬಾಗಿಲ ಹಿಡಿ. ಅಕ್ಕಿಕಾಳಿನಷ್ಟು.

ಇದೇ ಹಿಡಿಯನ್ನು ಇಪ್ಪತ್ತೆರಡು ಚಳಿಗಾಲ
ಕೈಗವಸು ಹಾಕಿ ಜಗ್ಗಿದ್ದೇನೆ.
ಬರಿಗೈಲಿ ಮುಟ್ಟಿದ್ದು ಒಂದೇ ಸಲ,
ಚರ್ಮ ಅಲ್ಲೇ ಉಳಿಯಿತು.
ಈಗ ಜೋರಾಗಿ ಉಸಿರು ಬಿಟ್ಟರೆ ಸಾಕು
ಹಾರಿ ಒಲೆಯ ಸಂದಿ ಸೇರುತ್ತದೆ
ನಾನು ಮೊಣಕಾಲೂರಿ, ಟಾರ್ಚು ಹಿಡಿದು
ಬೈಯುತ್ತ ಹುಡುಕುತ್ತೇನೆ.

ಎಲ್ಲವನ್ನೂ ಇಪ್ಪತ್ನಾಲ್ಕರಿಂದ ಭಾಗಿಸಬೇಕು. ಅಷ್ಟೇ ಈ ಕೆಲಸ.
ಟ್ರೇಲರ್ ಸಮೇತ ಇಪ್ಪತ್ನಾಲ್ಕು ಮೀಟರಿದ್ದ ನನ್ನ ಸ್ಕಾನಿಯಾ
ಕರಾರುವಾಕ್ಕಾಗಿ ಒಂದು ಮೀಟರ್.
ಕಿಟಕಿಯ ಹಲಗೆ ತೊಂಬತ್ತೇಳು ಸೆಂಟಿಮೀಟರ್.
ಹಿಂದಿನ ದಿಮ್ಮಿಗಳ ಮೂತಿ ಗಾಳಿಯಲ್ಲಿ.

ಧೂಳು ಮಾತ್ರ ಭಾಗವಾಗುವುದಿಲ್ಲ.
ನೀರ ಹನಿಯೂ ಅಷ್ಟೆ: ಈ ಗಾಜಿನ ಮೇಲೆ ಒಂದು ಬಿದ್ದರೆ
ಅದು ಮಳೆಯಲ್ಲ, ಮೀನಿನ ತೊಟ್ಟಿ.
ರಸ್ತೆಯಂಚಿನ ಮಣ್ಣು ತಂದೆ, ಒಣಗಿಸಿದೆ
ಹಳೇ ನೈಲಾನ್ ಕಾಲುಚೀಲದಲ್ಲಿ ಮೂರು ಸಲ ಸೋಸಿದೆ
ಆದರೂ ಚಕ್ರದ ಪಕ್ಕ ಬಂಡೆಗಲ್ಲು.
ಕೊನೆಗೆ ಕಂದು ಸೀಮೆಸುಣ್ಣ ಅರೆದು ಸವರಿದೆ.
ಸುಳ್ಳು ಧೂಳೇ
ನಿಜದ ಹಾಗೆ ಕೂತಿತು.

ನಗು ಬರುತ್ತದೆ. ಶನಿವಾರ ಶನಿವಾರ
ಉಪ್ಪು, ಕೆಸರು, ಡೀಸೆಲ್ ಮಸಿ ತಿಕ್ಕಿ ತೊಳೆದವಳು ನಾನು.
ಗಾಡಿ ಕೊಳಕು ಅಂದರೆ ಹೆತ್ತವರನ್ನು ಬೈದ ಹಾಗೆ.
ಈಗ ಮೂರೆಳೆ ಕೂದಲಿನ ಕುಂಚ ಹಿಡಿದು
ಅದೇ ಕೊಳೆಯನ್ನು ಚೂರುಚೂರೇ
ಬಡ್ಡಿ ಸಮೇತ ವಾಪಸು ಕೊಡುತ್ತಿದ್ದೇನೆ.

ಬಲಗಡೆ ಬಂಪರಿನ ತಗ್ಗು: ಚಮಚದ ತುದಿ ಕಾಯಿಸಿ ಒತ್ತಿದ್ದು.
ಅದು ಮೂಸ್. ಏಪ್ರಿಲ್ ತಿಂಗಳು, ಬೆಳಗಿನ ಜಾವ. ಗಬ್ಬವಿತ್ತು.
ಹೆಚ್ಚೇನೂ ಆಗಿಲ್ಲ, ಎಂದು ಬರೆದುಕೊಂಡರು ವಿಮೆಯವರು.
ಪ್ಲಾಸ್ಟಿಕ್ ಕರಗುವ ವಾಸನೆಯಲ್ಲಿ
ಕೈ ತುಸು ಹೊತ್ತು ಎತ್ತಲಾಗಲಿಲ್ಲ,
ತಗ್ಗು ಬೇಕಾದ್ದಕ್ಕಿಂತ ಆಳವಾಯಿತು.
ಸುಂಡ್ಸ್‌ವಾಲ್ ಪ್ರದರ್ಶನದ ತೀರ್ಪುಗಾರ
ಹೊಗೆಕೊಳವೆಯ ವ್ಯಾಸ ಅಳೆದ, ತಲೆದೂಗಿದ,
ತಗ್ಗಿನ ಮೇಲೆ ಬೆರಳಿಟ್ಟು ಕೇಳಿದ:
ಅಂಟಿಸುವಾಗ ಆದ ಎಡವಟ್ಟೇ?
ಹೌದು ಅಂದೆ. ಎರಡನೇ ಬಹುಮಾನ.

ಇನ್ನು ಚಾಲಕ.
ಪ್ರತಿ ಡಬ್ಬಿಯಲ್ಲೂ ಒಬ್ಬ ಬರುತ್ತಾನೆ
ಬೂದು ಬಣ್ಣದವ, ಟೋಪಿ, ಚೌಕ ಗದ್ದ.
ಹತ್ತೊಂಬತ್ತು ಲಾರಿ ಕಟ್ಟಿದ್ದೇನೆ. ಹತ್ತೊಂಬತ್ತು ಜನರೂ
ಕಾಫಿಪುಡಿ ಡಬ್ಬದಲ್ಲಿ ಒಬ್ಬರ ಮೇಲೊಬ್ಬರು
ಇಲ್ಲದ ಸ್ಟೀರಿಂಗಿಗೆ ಕೈ ಚಾಚಿ ಮಲಗಿದ್ದಾರೆ.
ನನ್ನ ಗಾಡಿಗಳ ಸೀಟು ಯಾವತ್ತೂ ಖಾಲಿ.
ಕೇಳಿದವರಿಗೆ ಹೇಳುತ್ತಿದ್ದೆ: ಕಾಫಿಗೆ ಇಳಿದಿದ್ದಾನೆ.
'ದ್ದಾನೆ' ಎಂದೇ, ನಾನೂ.

ಮೊನ್ನೆ ಪಕ್ಕದ ಮನೆಯ ಎಂಬ್ಲಾ, ಒಂಬತ್ತು ವರ್ಷ,
ಪುಟ್ಟ ಗಾಜಿಗೆ ಕಣ್ಣು ಹಚ್ಚಿ ಕೂತವಳು ಅಂದಳು:
ಇದನ್ನು ಓಡಿಸಿದ್ದು ನೀನೇ ತಾನೇ, ಗುನ್ವೋರ್?
ಮತ್ತೆ, ಎಲ್ಲಿ?

ಅವಳು ಹೋದ ಮೇಲೆ ಡಬ್ಬ ಅಲುಗಿಸಿ ಒಬ್ಬನನ್ನು ಎತ್ತಿದೆ.
ಟೋಪಿ ಗರಗಸಕ್ಕೆ ಹೋಯಿತು. ಗದ್ದ ಉಜ್ಜಿದೆ.
ಭುಜ ಮುಟ್ಟಲಿಲ್ಲ. ದಿಮ್ಮಿಗೆ ಸರಪಳಿ ಬಿಗಿದ ಭುಜ,
ಅದು ನನ್ನದೂ ಹಾಗೇ ಇದೆ.
ಪುಟ್ಟಿ ಕಲಸಿ ಒಂದು ತುರುಬು, ಮೆಣಸುಕಾಳಿನಷ್ಟು.
ಕೂತಳು.
ಬಾಗಿಲು ಹಾಕಹೋದರೆ ಮೊಣಕೈ ಅಡ್ಡ.
ಅರ ಕೈಗೆತ್ತಿಕೊಂಡೆ.
ಕೆಳಗಿಟ್ಟೆ.

ಮೂರು ಮಿಲಿಮೀಟರ್ ತೆರೆದೇ ಇದೆ ಬಾಗಿಲು.
ಇಪ್ಪತ್ನಾಲ್ಕರಿಂದ ಗುಣಿಸಿ ನೋಡಿ: ನಾಲ್ಕು ಬೆರಳು.
ಇಳಿಯಲಿಕ್ಕೆ ಸಾಲದು.
ಆಗಷ್ಟೇ ಕಡಿದ ಪೈನ್ ಮರದ ವಾಸನೆ
ಒಳಗೆ ಬರಲಿಕ್ಕೆ ಧಾರಾಳ.