ಫಕುಂದಾ ತಿಕೋನಾ ಹೇಳಿದ್ದು

ಯಂತ್ರ ಕೆಡುತ್ತದಾ ಅಂತ ಕೇಳಿದಿರಿ.
ಕೂತುಕೊಳ್ಳಿ. ಈ ಎಲ್ ಆಲ್ಟೊದಲ್ಲಿ ನಿಂತೇ ಮಾತಾಡಿದರೆ
ಮೊದಲು ಉಸಿರು ಖಾಲಿಯಾಗುತ್ತದೆ.

ಕೆಡುತ್ತದೆ. ಕೆಡುವುದೂ ಇಲ್ಲ.
ಹದಿನಾಲ್ಕು ವರ್ಷ ಸಿರಿಂಜು ಹಿಡಿದ ಕೈ ಇದು,
ಉಗುರಿನ ಬುಡ ನೋಡಿ.
ನಾನು ಸುಲಿದ ಆಲೂಗಡ್ಡೆಗೆ ನೀಲಿ ಹತ್ತುತ್ತದೆಂದು
ಗಂಡ ಈಗ ತಾನೇ ಸುಲಿಯುತ್ತಾನೆ.

ಕಂಪನಿಯ ಹೊಸ ಡಬ್ಬಿ ಮುಚ್ಚಿದ್ದು ಎಲ್ಲೋ ಕಡಲ ಪಕ್ಕ.
ಅದರ ಹೊಟ್ಟೆಯಲ್ಲಿ ಕೆಳಗಿನ ಊರಿನ ಗಾಳಿ.
ನಾಲ್ಕು ಸಾವಿರ ಮೀಟರ್ ಹತ್ತಿ ಬರುವಷ್ಟರಲ್ಲಿ
ಆ ಗಾಳಿ ಹಿಗ್ಗಿ ಮಸಿಯನ್ನು ಹೊರಗೆ ನೂಕುತ್ತದೆ,
ಎಷ್ಟೋ ಡಬ್ಬಿಗಳು ಪೆಟ್ಟಿಗೆಯೊಳಗೇ ಅತ್ತುಬಿಟ್ಟಿರುತ್ತವೆ.
ಅದನ್ನು ಯಾರೂ ಕಳಪೆ ಅನ್ನುವುದಿಲ್ಲ,
ಮೇಲೆ ಮುದ್ರೆ ಇದೆಯಲ್ಲ.

ನಾನು ತುಂಬುವುದು ಇಲ್ಲಿಯ ಗಾಳಿಯಲ್ಲಿ.
ಸ್ಪಂಜಿಗೆ ನಿಧಾನ ಕುಡಿಸಬೇಕು,
ಬಾಣಂತಿಗೆ ಕ್ವಿನೋವಾ ಗಂಜಿ ಕುಡಿಸಿದ ಹಾಗೆ.
ಅವಸರ ಮಾಡಿದೆವೋ, ಒಂದು ಗುಳ್ಳೆ ಒಳಗೆ ಕೂತು
ಅಕ್ಷರದ ನಡುವೆ ಬಿಳಿ ಗೆರೆ ಎಳೆಯುತ್ತದೆ,
ಸಾಲಪತ್ರದಲ್ಲಿ ಸಾಲಗಾರನೇ ಎರಡು ತುಂಡು.
ವಾರಗಟ್ಟಲೆ ಸುಮ್ಮನೆ ಬಿಟ್ಟರೆ ಈ ಒಣಗಾಳಿಗೆ ಮೂಗು ಕಟ್ಟುತ್ತದೆ.
ಬೆಚ್ಚನೆ ನೀರು, ಹಳೆ ಹತ್ತಿಬಟ್ಟೆ, ಒಂದಿಷ್ಟು ಬೈಗುಳ.
ಮೂರರಲ್ಲಿ ಯಾವುದು ಕೆಲಸ ಮಾಡುತ್ತದೋ
ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಆ ಚೂರು ಚಿಪ್.
ಅದಕ್ಕೆ ಮಸಿ ಕಾಣುವುದಿಲ್ಲ, ಎಣಿಕೆ ಮಾತ್ರ.
ತುಳುಕುವಂತೆ ತುಂಬಿ ಕೂರಿಸಿದರೂ
ಖಾಲಿ ಖಾಲಿ ಎಂದು ಕೆಂಪು ದೀಪ ಮಿಟುಕಿಸುತ್ತದೆ,
ನೋಂದಣಿ ಕಚೇರಿಯ ಗುಮಾಸ್ತನ ಥರ:
ಎದುರಿಗೆ ನಿಂತವನನ್ನೇ
ಬದುಕಿರುವುದಕ್ಕೆ ಪತ್ರ ತಾ ಅನ್ನುತ್ತಾನೆ.
ಗುಂಡಿ ಒತ್ತಿ ಹಿಡಿಯಿರಿ, ದೀಪ ಸುಮ್ಮನಾಗುತ್ತದೆ.
ಅವನ ಕೈಯಾದರೆ
ಏನಾದರೂ ಇಟ್ಟು ಒತ್ತಬೇಕು.

ಸುಳ್ಳು ಹೇಳಲಾರೆ, ಬಣ್ಣ ಕೊಂಚ ಬೇರೆ.
ಹೋದ ಆಗಸ್ಟಿನಲ್ಲಿ ಸೆವೆರೋ ಚಾಂಬಿ
ಮಿನಿಬಸ್ ಚಾಲಕರ ಸಂಘದ ಚುನಾವಣೆಗೆ ನಿಂತ.
ಮುನ್ನೂರು ಕರಪತ್ರ. ನನ್ನದೇ ಮಸಿ.
ಕೆಂಪು ನಡುವೆಯೇ ಕೈಕೊಟ್ಟು
ಮುಖ ಹಸಿರಾಗಿ ಬಂತು, ಮೀಸೆ ಸಮೇತ.
ಹಣ ವಾಪಸು ಕೊಟ್ಟೆ. ಅವನು ಗೆದ್ದ.
ಸೀಯಾ ತಿರುವಿನ ತನಕ ಜನ ಅವನನ್ನು ಕೋಸು ಅನ್ನುತ್ತಾರೆ,
ನನ್ನ ಅಂಗಡಿ ಮುಂದೆ ಅವನ ಬಸ್ಸು
ಈಗಲೂ ನಿಲ್ಲುವುದಿಲ್ಲ.

ನಿಮ್ಮದೇನು ಅಚ್ಚಾಗಬೇಕು?
ಮೊಮ್ಮಕ್ಕಳು ನೋಡಬೇಕಾದ ಮದುವೆ ಫೋಟೊ ಆದರೆ
ಎದುರು ಸಾಲಿನಲ್ಲಿ ಹೊಸ ಡಬ್ಬಿ ಸಿಗುತ್ತದೆ, ಹೋಗಿ ಕೊಳ್ಳಿ,
ನನಗೇನೂ ಬೇಸರವಿಲ್ಲ.
ನಾಳೆ ಬೆಳಿಗ್ಗೆ ಎಂಟಕ್ಕೆ ಯಾವುದೋ ಕಿಟಕಿಯೊಳಗೆ ತೂರಿಸಿ
ಅಲ್ಲೇ ಮರೆಯುವ ಕಾಗದವಾದರೆ
ಹದಿನೈದು ಬೊಲಿವಿಯಾನೊ, ಹತ್ತು ನಿಮಿಷ.

ಇಗೋ, ಮೂತಿಯನ್ನು ಬಟ್ಟೆಗೆ ಒತ್ತುತ್ತೇನೆ.
ಹಳದಿ. ಕೆಂಪು. ನೀಲಿ.
ಒಂದಕ್ಕೊಂದು ಕಲೆಯದೆ ಮೂರೂ ಬಂದವು.
ಪಕ್ಕದ ಆ ನಾಲ್ಕನೆಯದು
ನನ್ನ ಹೆಬ್ಬೆರಳು.