ಏಳು ವರ್ಷ ವಾಪಸ್

ಕೂಡ್ರಿ ಅಂದ್ರಲ್ಲ, ಅಷ್ಟ ಸಾಕು. ಚಹಾ ಬ್ಯಾಡ.
ಕಿನ್ನಾಳದಿಂದ ಮೊದಲನೇ ಬಸ್ಸಿಗೆ ಬಂದೀನಿ.
ಕೊಪ್ಪಳದ ಈ ಖಜಾನಿ ಮೆಟ್ಟಲ
ಮೂವತ್ತೆಂಟು ವರ್ಷ ಹತ್ತೀನಿ,
ಒಮ್ಮೆಯೂ ಬಾಯಿ ಬಿಟ್ಟಿಲ್ಲ.

ನಿಮ್ಮ ಕಾಗದದಾಗ ನನಗ ತೊಂಬತ್ತೈದು.
ನಮ್ಮವ್ವ ಎಣಿಸಿದ್ದು ಬ್ಯಾರೆ:
ಹಿರೇಹಳ್ಳ ಅಗಸಿತನಕ ಬಂದು
ಒಣಗಾಕಿಟ್ಟ ಗೊಂಬಿ ತೇಲಿಸಿಕೊಂಡು ಹೋದ ವರ್ಷ
ನಾ ಹುಟ್ಟಿದ್ದು. ಆ ಲೆಕ್ಕಕ್ಕ ಎಂಬತ್ತೆಂಟು.
ನಡುವಿನ ಏಳು ನನ್ನವಲ್ಲ.
ವಾಪಸ್ ಮಾಡಾಕ ಬಂದೀನಿ.

ನಗಬ್ಯಾಡ್ರಿ.

ಆಗ ನಮ್ಮದು ನಿಜಾಮನ ಸೀಮಿ.
ಅಪ್ಪ ಪೊಳಕಿ ಮರದಾಗ ಆನಿ, ಗಿಣಿ, ಗೌರಿ ಕೆತ್ತಾಂವ.
ಒಂದು ರಾತ್ರಿ ರಜಾಕಾರರು ಬಂದು ಹೋದ ಮ್ಯಾಲ
ಆ ಕೈಯಾಗ ಎರಡ ಬೆರಳು ಉಳದ್ವು.
ನಾ ಹಳ್ಳದ ದಂಡಿಗುಂಟ ಓಡಿ, ಗಡಿ ದಾಟಿ,
ಗದಗಿನ ಕಡೆ ಒಂದು ಕ್ಯಾಂಪಿಗೆ ಹೋಗಿ ನಿಂತೆ.
ಬಂದೂಕು ಕೊಡ್ರಿ ಅಂದೆ. ನಕ್ಕರು. ರೊಟ್ಟಿ ಕೊಟ್ರು.
ವಯಸ್ಸು ಯಾರೂ ಕೇಳಲಿಲ್ಲ, ಸಾಹೇಬ್ರ,
ಅಂಗಿ ಅಳತಿ ಅಷ್ಟ ಕೇಳಿದ್ರು.
ನನ್ನ ಅಳತಿದು ಇರಲಿಲ್ಲ.

ಮೀಸಿ ಬರದವರು ಒಂಬತ್ತು ಮಂದಿ ಇದ್ವಿ. ಬಂದೂಕು ಎರಡ.
ಕವಾಯತಿಗೆ ಕಟಿಗಿ ಬಂದೂಕು ನಾನ ಕೆತ್ತಿದೆ.
ಹುಣಸಿ ಬೀಜದ ಅಂಟು ಸವರಿ ಕರಿ ಬಣ್ಣ ಹೊಡದ್ರ
ಮಬ್ಬಿನಾಗ ಖರೇದರಂಗ ಕಾಣತಿದ್ವು.
ನಾಯಕ ಬೆನ್ನು ಚಪ್ಪರಿಸಿದ.
ಅಪ್ಪ ಎಂದೂ ಹಂಗ ಚಪ್ಪರಿಸಿರಲಿಲ್ಲ.
ಆ ಅಂಗೈ ಸಲುವಾಗಿ ಏನು ಹೇಳಿದ್ರೂ ಮಾಡತಿದ್ದೆ.

ಸಣ್ಣವರನ್ನ ಕಳಸಾಕ ಅವರಿಗೆ ಕಾರಣ ಇತ್ತು:
ಸಣ್ಣವರ ಬುಟ್ಟಿ ಯಾರೂ ಬಿಚ್ಚಿ ನೋಡಂಗಿಲ್ಲ.
ಅವ್ವನ್ನ ನೆನಸಿ ಅಳತಾರ ಖರೆ,
ಹೊತ್ತು ಹೊಂಟ ಮ್ಯಾಲ ಅದು ತಾನ ನಿಲ್ಲತೈತಿ.

ಸಜ್ಜಿರೊಟ್ಟಿ ಬುಟ್ಟಿಯ ತಳಕ್ಕ
ತಗಡಿನ ಡಬ್ಬಿ ಇಟ್ರು, ಹೊರಗ ಒಂದು ಗೇಣು ದಾರ.
ಕರೋಡಗಿರಿ ನಾಕಾ. ಇಬ್ರು ಜವಾನರು
ಕುಡದು ಮಲಗಿರತಾರ ಅಂದ್ರು.
ಕಿಟಕಿ ನನ್ನ ಗದ್ದಕ್ಕ ಬರತಿತ್ತು.
ದಾರಕ್ಕ ಕಡ್ಡಿ ಗೀರಿ, ಆಮ್ಯಾಲ ಒಳಗ ನೋಡಿದೆ.
ಜವಾನರಿರಲಿಲ್ಲ.
ಹೊಸ್ತಿಲಿಗೆ ತಲಿ ಕೊಟ್ಟು
ತನಗಿಂತ ಉದ್ದನ ಭರ್ಚಿ ತಬ್ಬಿಕೊಂಡು
ರಾಜಾಬಕ್ಷಿ ಮಲಗಿದ್ದ.

ಎಡಗಾಲ ಹೆಬ್ಬೆರಳಿಗೆ ಉಗುರಿರಲಿಲ್ಲ,
ಅದಕ್ಕ ಗುರುತು ಸಿಕ್ತು.
ಆ ಉಗುರು ಹೋದದ್ದು ನನ್ನ ಬುಗುರಿಯಿಂದ.
ಅವರೂ ಅವಗೊಂದು ಖಾಕಿ ಅಂಗಿ ಕೊಟ್ಟಿದ್ರು,
ತೋಳು ನಾಕು ಮಡಿಕಿ ಏರಿಸಿದ್ದ.
ಅವನ ಅಳತಿದೂ ಇರಲಿಲ್ಲ.

ಕೂಗಬೇಕಿತ್ತು.
ಕೂಗಿದ್ರ ಬೆನ್ನಿನ ಮ್ಯಾಲಿನ ಆ ಅಂಗೈ
ಹೋಗಿಬಿಡತಿತ್ತು.

ಮುಂದ ನಾಯಕ ದೊಡ್ಡಾಂವ ಆದ, ನನ್ನ ಮರೀಲಿಲ್ಲ.
ಹುಡುಗರಿಗೆ ಪಿಂಚಣಿ ಸಿಗಂಗಿಲ್ಲೋ ಅಂತ
ತಾನ ಸರ್ಟಿಫಿಕೇಟು ಬರದ: ಆಗ ಹದಿನೆಂಟು ತುಂಬಿತ್ತು.
ಹೆಬ್ಬೆಟ್ಟು ಒತ್ತಿದೆ. ಸುಳ್ಳ್ಯಾಕ ಹೇಳಲಿ, ಹಗುರಾತು.
ಯಾವನೋ ಹದಿನೆಂಟರ ಗಂಡಸು ಮಾಡಿದ್ದು ಅದು,
ನಾ ಅಲ್ಲ.
ಇಷ್ಟು ವರ್ಷ ನಿದ್ದಿ ಬಂದದ್ದು ಅವನ ಹೆಸರಿನ ಮ್ಯಾಲ.

ಹೋದ ವಾರ ಸಾಲಿ ಮಾಸ್ತರು ಬಂದಿದ್ರು.
ಸಪ್ಟಂಬರ ಹದಿನೇಳಕ್ಕ ವಿಮೋಚನಾ ನಾಟಕ,
ನಲವತ್ತು ಕಟಿಗಿ ಬಂದೂಕು ಬೇಕಂತ.
ಆನಿ ಮಾಡಿಕೊಡತೀನಿ ಅಂದೆ.
ನಾಟಕದಾಗ ಆನಿ ಇಲ್ಲ, ಅಜ್ಜಾ, ಅಂದ್ರು.
ಅಳತಿಗೆ ಒಬ್ಬ ಹುಡುಗನ್ನ ಕರಕೊಂಡು ಬಂದಿದ್ರು.
ಎಷ್ಟೋ ನಿನಗ? ಹನ್ನೊಂದು.
ಹೆಗಲಿನಿಂದ ಬೆರಳ ತುದಿತನಕ
ದಾರ ಹಿಡದು ಅಳದೆ, ಕತ್ತರಿಸಿದೆ.
ಹುಡುಗ ಗುಳುಗುಳು ಆಗತೈತಿ ಅಂತ ನಕ್ಕ.

ಕಿಸೆದಾಗ ಐತಿ. ತಡೀರಿ, ಸಿಕ್ತು.
ಇಷ್ಟ, ನೋಡ್ರಿ.

ಇದನ್ನ ಆ ಫೈಲಿಗೆ ಕಟ್ಟರಿ.
ವಯಸ್ಸಿಗೆ ಬ್ಯಾರೆ ದಾಖಲಿ ನನ್ನ ಹಂತೇಕ ಇಲ್ಲ.
ಅವಂದಂತೂ ಎಲ್ಲೂ ಇಲ್ಲ.
ಇಬ್ಬರಿಗೂ ಇದ ಆಗತೈತಿ.