ಕಸ ಎಂದೇ ಬರೆದೆ

ಡಿಸೆಂಬರಿನ ಔಲು. ಮಧ್ಯಾಹ್ನ ಮೂರಕ್ಕೇ ಕತ್ತಲು.
ಹಗಲೆಲ್ಲ ನನ್ನ ಕೆಲಸ ತಕ್ಕಡಿಗಳದ್ದು:
ಮೀನಂಗಡಿ, ಅಂಚೆ ಕಚೇರಿ, ಮೊಳೆ ಮಾರುವವನ ಗಲ್ಲಾ,
ಹಿತ್ತಾಳೆ ಬಟ್ಟು ಇಟ್ಟು, ಮುಳ್ಳು ನೋಡಿ,
ಸೀಸದ ಮುದ್ರೆ ಒತ್ತಿ ಬರುವುದು.

ರಾತ್ರಿ ಬೇರೆ ತಕ್ಕಡಿ. ಸಂಬಳವಿಲ್ಲ.
ವಿಂಡೋಸಿಗೆಂದು ಹುಟ್ಟಿದ್ದು
ಲಿನಕ್ಸಿನ ಮನೆಯಲ್ಲಿ ಬಾಳೀತೇ?
ನಡುವೆ ನಿಂತ ದುಭಾಷಿ ಪದರ
ಎಷ್ಟು ಸಂಭಾಳಿಸುತ್ತದೆ ಎಂದು ಒರೆಗೆ ಹಚ್ಚಿ
ಬರೆಯಬೇಕು: ಚಿನ್ನ, ಬೆಳ್ಳಿ, ಕಂಚು.
ಕೊನೆಗೆ, ಕಸ.

ಕೆಮಿಯಿಂದ ಇಲ್ಪೊ ಬರೆದ:
"ಹಿಮಬಂದರು, ತೊಂಬತ್ತೊಂಬತ್ತರ ಆಟ.
ಡಿಸ್ಕ್ ನನ್ನದೇ, ರಶೀದಿಯೂ ಇದೆ.
ಮಾಡಿದ ಕಂಪನಿ ಮುಚ್ಚಿ ಹನ್ನೊಂದು ವರ್ಷ,
ಬೀಗ ಮಾತ್ರ ಇನ್ನೂ ಬೊಗಳುತ್ತಿದೆ
ಸತ್ತ ಯಜಮಾನನ ನಾಯಿಯ ಹಾಗೆ.
ಅದನ್ನು ತಪ್ಪಿಸುವ ಪುಟ್ಟ ಪ್ಯಾಚ್ ಹಾಕಿದೆ.
ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು.
ಚಿನ್ನ ಕೊಡು."

ನನ್ನಲ್ಲೂ ಓಡಿತು. ಹಡಗು ಲಂಗರು ಎತ್ತಿತು,
ನೀರ್ಗಲ್ಲು ಬಿರಿಯುವ ಸದ್ದು ಸಹ ಸರಿ.
ಪ್ಯಾಚ್ ತೆಗೆದೆ.
ಡಿಸ್ಕ್ ಎರಡು ಸಲ ಗಿರ್ರೆಂದು ತಿರುಗಿ
"ಮೂಲ ಡಿಸ್ಕ್ ಹಾಕಿ" ಎಂಬ ಅಪ್ಪಣೆ ಬಂತು,
ಒಳಗಿದ್ದದ್ದೇ ಮೂಲ ಡಿಸ್ಕು.

ಇಲ್ಪೊ ಕಳ್ಳನಲ್ಲ.
ದುಡ್ಡು ಕೊಟ್ಟು ಕೊಂಡ ಮನೆಗೆ
ಹಿತ್ತಲ ಗೋಡೆ ಹಾರಿ ಹೋದವ.
ಆದರೆ ಅವನು ಹೇಳುತ್ತಿರುವುದು ಆಚೆ ದಡದ ಚೆಲುವು,
ನನಗೆ ವಹಿಸಿದ್ದು ಸೇತುವೆ.
ದೋಣಿಯಲ್ಲಿ ದಾಟಿದವನ ಸಾಕ್ಷಿ ಹಿಡಿದು
ಸೇತುವೆ ಗಟ್ಟಿ ಎಂದು ಹೇಗೆ ಬರೆಯಲಿ?

ಹೋದ ವರ್ಷ ಮೀನಂಗಡಿಯ ಸಿರ್ಕಾಳ ತಕ್ಕಡಿ
ಮುದ್ರೆ ಕಿತ್ತಿತ್ತು, ತೂಕ ಗ್ರಾಮಿಗೆ ಗ್ರಾಮು ಸರಿ.
"ನೀನೇ ತೂಗಿ ನೋಡು ತುಓವಿ" ಅಂದಳು.
ತೂಗಿದೆ. ಕೆಂಪು ಚೀಟಿ ಅಂಟಿಸಿದೆ.
ಒಂದು ತಿಂಗಳು ನನಗೆ ಬಾಲದ ತುಂಡೇ ಸಿಕ್ಕಿತು.

ಕಸ ಎಂದೇ ಬರೆದೆ.
ಅಡಿಯಲ್ಲಿ, ಸಣ್ಣಕ್ಷರದಲ್ಲಿ:
ಬೀಗದ ಬಳಿ ನಿಂತಿತು. ಬೀಗ ತಪ್ಪಿಸಿದರೆ ಓಡುತ್ತದೆ.
ಅದಕ್ಕೆ ಅಂಕವಿಲ್ಲ.
ಚಿನ್ನ ಎಂದಿದ್ದರೆ ಆ ಬಿರುಕನ್ನು
ಇನ್ನು ಯಾರೂ ಹುಡುಕುತ್ತಿರಲಿಲ್ಲ.
ಕಸ ಎಂದರೆ ಎಲ್ಲೋ ಒಬ್ಬರಿಗಾದರೂ
ಹೊಟ್ಟೆ ಉರಿದೀತು. ಉರಿದವರೇ ತಾನೆ
ರಿಪೇರಿಗೆ ಕೂರುವುದು.

ಇಲ್ಪೊನ ಉತ್ತರ ಬಂದಿಲ್ಲ.

ಮಲಗುವ ಮೊದಲು ಪ್ಯಾಚ್ ಮತ್ತೆ ಹಾಕಿದೆ,
ಸುಮ್ಮನೆ, ಒಂದು ಸಲ.
ಕಾಫಿ ಆರಿತು. ಗಂಟೆ ನಾಲ್ಕಾಯಿತು.
ನಾನೇ ಕಸ ಎಂದು ಬರೆದ ಹಡಗಿನಲ್ಲಿ
ಹಿಮ ಒಡೆಯುತ್ತಾ ಒಡೆಯುತ್ತಾ
ಇನ್ನೂ ಉತ್ತರಕ್ಕೆ.